ಹಿರಿಯರ ಹಲ್ಲಿನ ಆರೋಗ್ಯ ಮತ್ತು ದಿನನಿತ್ಯದ ಬದುಕು: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ

ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಆರೋಗ್ಯದ ವಿಷಯ ಬಂದಾಗ ಡೆಂಗಿ, ಚರಂಡಿ, ಕುಡಿಯುವ ನೀರು, ಲಸಿಕೆ ಇವುಗಳ ಸುತ್ತಲೇ ಚರ್ಚೆ ನಡೆಯುವುದು ವಾಡಿಕೆ. ಅರವತ್ತು ದಾಟಿದವರ ಹಲ್ಲು, ಒಸಡುಗಳ ಸಂಗತಿ ನಡಾವಳಿಯಲ್ಲಿ ದಾಖಲಾಗುವುದು ಅಪರೂಪ. ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜವೆಂಬ ನಂಬಿಕೆಯೇ ಇದಕ್ಕೆ ಕಾರಣ. ವಾಸ್ತವದಲ್ಲಿ ಬಹುತೇಕ ಹಲ್ಲುಗಳು ಬೀಳುವುದು ವರ್ಷಗಟ್ಟಲೆ ಚಿಕಿತ್ಸೆ ಕಾಣದ ಹುಳುಕು ಮತ್ತು ಒಸಡಿನ ರೋಗದಿಂದ.

ಹಲ್ಲು ಕಳೆದುಕೊಂಡ ಹಿರಿಯರಲ್ಲಿ ಮೊದಲು ಬದಲಾಗುವುದು ಊಟದ ತಟ್ಟೆ. ಮುದ್ದೆ ಉಣ್ಣುವ ಸೀಮೆಯಲ್ಲಿ ಇದು ಬೇಗ ಗೋಚರಿಸದು. ಮುದ್ದೆಯನ್ನು ಅಗಿಯದೆ ನುಂಗುವುದೇ ಅಲ್ಲಿನ ರೂಢಿ. ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ ತಿನ್ನುವ ಹಿರಿಯರು ಎಲ್ಲೆಡೆ ಕಾಣಸಿಗುತ್ತಾರೆ. ಎರಡೂ ಕಡೆ ತಟ್ಟೆಯಿಂದ ಮೆಲ್ಲನೆ ಮರೆಯಾಗುವ ಪದಾರ್ಥಗಳು ಮಾತ್ರ ಒಂದೇ: ಸೊಪ್ಪು, ಹಸಿ ತರಕಾರಿ, ಶೇಂಗಾ, ಮೊಳಕೆ ಕಾಳು, ಮಾಂಸ, ಸೀಬೆಹಣ್ಣು. ಉಳಿಯುವುದು ಮೆತ್ತನೆಯ ಅನ್ನ, ಗಂಜಿ, ಚಹಾದಲ್ಲಿ ಅದ್ದಿದ ಬನ್ನು. ಹೊಟ್ಟೆ ತುಂಬಿದರೂ ಪ್ರೋಟೀನು, ಕಬ್ಬಿಣ ಮತ್ತು ನಾರಿನಂಶ ಕಡಿಮೆಯಾಗುತ್ತವೆ. ನಿಶ್ಶಕ್ತಿ, ಮಲಬದ್ಧತೆ, ತೂಕದ ಇಳಿಕೆ ಕಾಣಿಸಿಕೊಂಡಾಗ ಮನೆಯವರು ವಯಸ್ಸನ್ನು ದೂರುತ್ತಾರೆಯೇ ಹೊರತು ಬಾಯಿಯನ್ನು ತೆರೆಸಿ ನೋಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ತೊಡಕು ಇಮ್ಮಡಿ: ಸಕ್ಕರೆಯ ಪ್ರಮಾಣ ಹೆಚ್ಚಿದಷ್ಟೂ ಒಸಡು ಹಾಳಾಗುತ್ತದೆ, ಒಸಡು ಹಾಳಾದಷ್ಟೂ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಮಾತಿಗೂ ಹಲ್ಲು ಬೇಕು. ತ, ಥ, ದ, ಧ, ನ ಅಕ್ಷರಗಳನ್ನು ವ್ಯಾಕರಣವು ದಂತ್ಯವೆಂದು ಕರೆದಿರುವುದು ನಾಲಿಗೆ ಹಲ್ಲನ್ನು ಮುಟ್ಟಿ ಅವು ಹುಟ್ಟುವುದರಿಂದಲೇ. ಮುಂದಿನ ಹಲ್ಲುಗಳಿಲ್ಲದವರ ಉಚ್ಚಾರಣೆ ತೊದಲುತ್ತದೆ, ಕೆನ್ನೆ ಒಳಸೇರುತ್ತದೆ. ಸಂಕೋಚದಿಂದ ಮದುವೆಯ ಪಂಕ್ತಿಯಲ್ಲಿ ಕೂರಲು ಹಿಂಜರಿಯುವವರಿದ್ದಾರೆ. ಗ್ರಾಮಸಭೆಯಲ್ಲಿ ಹಿರಿಯರು ಮಾತನಾಡದಿರುವುದಕ್ಕೂ ಇದು ಒಂದು ಕಾರಣವಾಗಿರಬಹುದೆಂದು ಸದಸ್ಯರು ಯೋಚಿಸುವುದು ಒಳಿತು.

ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ, ಕಡ್ಡಿಪುಡಿ, ಗುಟ್ಕಾ ಇವು ಒಸಡನ್ನು ಕೆಡಿಸುವುದರ ಜೊತೆಗೆ ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣಗಳು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪುಗಳಿಂದ ಉಜ್ಜಿದರೆ ಹಲ್ಲು ಬಿಳಿಯಾದಂತೆ ಕಂಡರೂ ಎನಾಮಲ್ ಸವೆಯುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಬಾಯಿ ಒಣಗಿ, ಜೊಲ್ಲಿನ ರಕ್ಷಣೆ ತಪ್ಪಿ, ಹುಳುಕು ಬೇಗ ಹಬ್ಬುವುದೂ ಉಂಟು. ಅದಕ್ಕೆಂದು ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಭಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಕೀವು ತುಂಬಿದ ಹಲ್ಲನ್ನು ಹಾಗೆಯೇ ಬಿಡುವುದೇ ಅಪಾಯಕರ.

ಸಂವಿಧಾನದ 11ನೇ ಅನುಸೂಚಿಯ 23ನೇ ಬಾಬು ಆರೋಗ್ಯ ಮತ್ತು ನೈರ್ಮಲ್ಯವನ್ನು ಪಂಚಾಯಿತಿಗಳ ವಿಷಯವಾಗಿ ಹೆಸರಿಸಿದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಒದಗಿಸಲು ರಾಜ್ಯ ಸರ್ಕಾರ ರೂಪಿಸಿದ ದಂತ ಭಾಗ್ಯ ಯೋಜನೆಯ ಪ್ರಸ್ತುತ ಅರ್ಹತೆಯನ್ನು ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಂದ ತಿಳಿದು ವಾರ್ಡುಗಳಲ್ಲಿ ಪ್ರಚುರಪಡಿಸಬಹುದು. ಆದರೆ ಪ್ರಚಾರವಷ್ಟೇ ಸಾಲದು. ದಂತಪಂಕ್ತಿ ಒಂದೇ ದಿನದಲ್ಲಿ ಸಿದ್ಧವಾಗುವ ವಸ್ತುವಲ್ಲ. ಅಚ್ಚು ತೆಗೆಯುವುದು, ಕಚ್ಚುವಿಕೆಯ ಅಳತೆ, ಪರೀಕ್ಷಾ ಜೋಡಣೆ, ಅಂತಿಮ ಜೋಡಣೆ ಎಂದು ಹಲವು ಬಾರಿ ಹೋಗಬೇಕಾಗುತ್ತದೆ. ಜೊತೆಗೆ ಬರುವವರಿಲ್ಲದ ಹಿರಿಯರು ಎರಡನೇ ಸಲಕ್ಕೇ ಕೈಬಿಡುತ್ತಾರೆ. ಆಶಾ ಕಾರ್ಯಕರ್ತೆಯರ ಪಟ್ಟಿಯಂತೆ ಒಂದೇ ಊರಿನವರನ್ನು ಒಂದೇ ದಿನ ಒಟ್ಟಾಗಿ ಕಳುಹಿಸಲು ವೈದ್ಯರೊಡನೆ ದಿನ ನಿಗದಿ ಮಾಡಿಕೊಳ್ಳುವುದು ದೊಡ್ಡ ಶಿಬಿರಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ. ಈ ವಿಷಯವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿಯೂ ಇಡಬಹುದು.

ದಂತಪಂಕ್ತಿಯನ್ನು ರಾತ್ರಿ ತೆಗೆದು, ತೊಳೆದು, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರಿನಲ್ಲಿ ಅದರ ಆಕಾರ ಕೆಡುತ್ತದೆ. ಹಾಸಿಗೆ ಹಿಡಿದವರ ಬಾಯಿಯನ್ನು ಮನೆಯವರೇ ದಿನವೂ ಸ್ವಚ್ಛಗೊಳಿಸಬೇಕು, ಇಲ್ಲವಾದರೆ ಬಾಯಿಯ ರೋಗಾಣುಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುವ ಸಂಭವವಿದೆ. ಹಲ್ಲಿಲ್ಲದ ದವಡೆಯ ಮೂಳೆ ಕಾಲಕ್ರಮೇಣ ಕುಗ್ಗುವುದರಿಂದ ಚೆನ್ನಾಗಿ ಕೂತ ದಂತಪಂಕ್ತಿಯೂ ಸಡಿಲವಾಗುತ್ತದೆ. ಸಡಿಲವಾದದ್ದು, ಚುಚ್ಚುವುದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆ ಸೇರುತ್ತದೆ, ಹಿರಿಯರು ಮತ್ತೆ ಗಂಜಿಗೆ ಮರಳುತ್ತಾರೆ. ಆದ್ದರಿಂದ ವಿತರಣೆಯ ಸಂಖ್ಯೆಯೊಂದಿಗೆ, ತಿಂಗಳ ನಂತರ ಎಷ್ಟು ಮಂದಿ ಅದನ್ನು ಧರಿಸಿ ಉಣ್ಣುತ್ತಿದ್ದಾರೆಂಬ ವಿವರವನ್ನೂ ಸದಸ್ಯರು ಕೇಳಿ ಪಡೆಯುವುದು ಸೂಕ್ತ.