ಸಿರಿಯ ಹೊರೆ

ಬಡತನದ ಕಷ್ಟವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಹಸಿದ ಹೊಟ್ಟೆ, ಹರಿದ ಬಟ್ಟೆ, ಸೋರುವ ಮಾಡು ಇವೇ ಅದರ ಕಥೆಯನ್ನು ಸಾರುತ್ತವೆ. ಆದರೆ ಸಿರಿತನಕ್ಕೂ ತನ್ನದೇ ಆದ ಕಷ್ಟಗಳುಂಟು ಎಂದರೆ ಲೋಕ ನಗುತ್ತದೆ. ‘ದುಡ್ಡಿದ್ದವನೇ ದೊಡ್ಡಪ್ಪ’ ಎಂಬ ಗಾದೆಯನ್ನು ಕೇಳುತ್ತ ಬೆಳೆದವರಿಗೆ ಆ ದೊಡ್ಡಪ್ಪನಿಗೂ ರಾತ್ರಿ ನಿದ್ದೆ ಬಾರದಿರಬಹುದೆಂಬುದು ತೋರುವುದಿಲ್ಲ. ಬಡವನ ದುಃಖ ಬೀದಿಯಲ್ಲಿ ಕಾಣಿಸುತ್ತದೆ. ಧನಿಕನ ದುಃಖ ಹೆಬ್ಬಾಗಿಲಿನ ಒಳಗೆ ಅಡಗಿರುತ್ತದೆ. ಇವೆರಡೂ ಸಮಾನವೆಂದು ಹೇಳುವುದು ಸಲ್ಲದು. ಹಸಿವಿಗಿಂತ ದೊಡ್ಡ ದುಃಖವಿಲ್ಲ. ಆದರೂ ಸಂಪತ್ತನ್ನು ಬಯಸುವ ಪ್ರತಿಯೊಬ್ಬನೂ ಅದರೊಂದಿಗೆ ಬರುವ ಹೊರೆಯನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಈ ಮಾತನ್ನು ತಿಳಿಯಲು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಉಡುಪಿ ಜಿಲ್ಲೆಯ ಉತ್ತರಭಾಗದಲ್ಲಿ ಸಹ್ಯಾದ್ರಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಹಬ್ಬಿರುವ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ಚರಿತ್ರೆಯೇ ಸಾಕು. ಬ್ರಹ್ಮಾವರದ ಸಮೀಪದ ಬಾರಕೂರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿಯಾಗಿ ಮೆರೆದ ಪಟ್ಟಣ. ಆ ಊರಿನೊಂದಿಗೆ ಹೆಣೆದುಕೊಂಡ ಒಂದು ಐತಿಹ್ಯವನ್ನು ಕರಾವಳಿಯ ಹಿರಿಯರು ಇಂದಿಗೂ ಹೇಳುತ್ತಾರೆ. ದೇವಪಾಂಡ್ಯನೆಂಬ ಶ್ರೀಮಂತನು ಹೊಸ ಹಡಗುಗಳನ್ನು ಕಟ್ಟಿಸಿ, ಬೆಲೆಬಾಳುವ ಸರಕುಗಳನ್ನು ತುಂಬಿಸಿ, ಸಮುದ್ರಕ್ಕೆ ಇಳಿಸಲು ಹೊರಟನಂತೆ. ಕುಂಡೋದರನೆಂಬ ಭೂತರಾಜನು ಅಡ್ಡ ಬಂದು, ನರಬಲಿ ಕೊಡದೆ ಹಡಗು ಕದಲದು ಎಂದನಂತೆ. ದೇವಪಾಂಡ್ಯನು ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡೆಂದು ಹೆಂಡತಿಯನ್ನು ಕೇಳಿದನು. ಅವಳು ಒಪ್ಪದೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟುಹೋದಳು. ಅಣ್ಣನ ಸಂಕಟವನ್ನು ಕಂಡ ತಂಗಿ ಸತ್ಯವತಿ ತನ್ನ ಮಗನನ್ನು ತಂದು ಒಪ್ಪಿಸಿದಳು. ಆ ಬಾಲಕನಲ್ಲಿ ರಾಜಲಕ್ಷಣಗಳನ್ನು ಕಂಡ ಕುಂಡೋದರನು ಬಲಿಯನ್ನು ಬಿಟ್ಟು ಹಡಗುಗಳಿಗೆ ದಾರಿಕೊಟ್ಟನು. ಮುಂದೆ ಭೂತಾಳಪಾಂಡ್ಯನೆಂದು ಹೆಸರಾದ ಆ ಬಾಲಕನೇ, ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಸಲ್ಲಬೇಕೆಂಬ ಅಳಿಯಸಂತಾನದ ಕಟ್ಟನ್ನು ವಿಧಿಸಿದನೆಂದು ಕಥೆ ಮುಗಿಯುತ್ತದೆ.

ಇದು ಇತಿಹಾಸವಲ್ಲ, ಐತಿಹ್ಯ. ಒಂದು ಉತ್ತರಾಧಿಕಾರದ ಪದ್ಧತಿಗೆ ಕಾರಣ ಹೇಳಲು ಜನರು ಕಟ್ಟಿಕೊಂಡ ಕಥೆ. ಆದರೆ ಅದರೊಳಗೆ ಸಂಪತ್ತಿನ ಸ್ವಭಾವವನ್ನು ಕುರಿತ ಒಂದು ಆಳವಾದ ತಿಳಿವಳಿಕೆಯಿದೆ. ತುಂಬಿದ ಹಡಗು ತಾನಾಗಿಯೇ ಚಲಿಸುವುದಿಲ್ಲ. ಅದು ಬೆಲೆ ಕೇಳುತ್ತದೆ. ಆ ಬೆಲೆ ಹಣದ ರೂಪದಲ್ಲಿರುವುದಿಲ್ಲ, ಮನೆಯ ಮನುಷ್ಯರ ರೂಪದಲ್ಲಿರುತ್ತದೆ. ದೇವಪಾಂಡ್ಯನ ಹಡಗುಗಳೇನೋ ಹೊರಟವು. ಆದರೆ ಹೆಂಡತಿ ಮಕ್ಕಳು ಅವನಿಂದ ದೂರವಾದರು.

ಸಿರಿಯು ಕೇಳುವ ಮೊದಲ ಬೆಲೆ ನಿರ್ಭಯತೆ. ಕುಂದಾಪುರಕ್ಕೆ ಹತ್ತಿರದಲ್ಲಿ ವಾರಾಹಿ ನದಿಯ ದಡದಲ್ಲಿರುವ ಬಸರೂರು ಇದಕ್ಕೆ ಸಾಕ್ಷಿ. ಇಂದು ದೇವಾಲಯಗಳಿಂದಲೂ ಶಾಸನಗಳಿಂದಲೂ ಗಮನ ಸೆಳೆಯುವ ಈ ಶಾಂತ ಗ್ರಾಮವು ವಿಜಯನಗರದ ಕಾಲದಲ್ಲಿ ಹೆಸರಾಂತ ಬಂದರಾಗಿತ್ತು. ಕರಾವಳಿಯ ಗದ್ದೆಗಳಲ್ಲಿ ಬೆಳೆದ ಅಕ್ಕಿ ಇಲ್ಲಿಂದ ಹೊರನಾಡುಗಳಿಗೆ ಹೋಗುತ್ತಿತ್ತು, ವರ್ತಕರು ಧನಿಕರಾದರು. ಆ ಐಶ್ವರ್ಯದ ಸುದ್ದಿ ಸಮುದ್ರದಾಚೆಗೂ ಹರಡಿತು. ಪೋರ್ಚುಗೀಸರು 1569ರಲ್ಲಿ ಇಲ್ಲಿ ತಮ್ಮ ಕೋಟೆಯನ್ನು ನೆಲೆಗೊಳಿಸಿ ವ್ಯಾಪಾರವನ್ನು ತಮ್ಮ ಹಿಡಿತಕ್ಕೆ ತಂದುಕೊಳ್ಳಲೆಳಸಿದರು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಬಸರೂರಿಗೆ ಬಂದಿಳಿದು ಅಪಾರ ಸಂಪತ್ತನ್ನು ಕೊಂಡೊಯ್ದಿತು. ಅಕ್ಕಿಯನ್ನು ಬೆಳೆದದ್ದಾಗಲಿ ಮಾರಿದ್ದಾಗಲಿ ಬಸರೂರಿನ ತಪ್ಪಲ್ಲ. ಆದರೆ ಬಂದರಿನ ಕೀರ್ತಿಯನ್ನು ಬೆಳೆಸಿದ ಸಂಪತ್ತೇ ಅದರ ಮೇಲೆ ಪರರ ಕಣ್ಣು ಬೀಳುವಂತೆಯೂ ಮಾಡಿತು. ಬಡ ಗ್ರಾಮದ ಕಡೆಗೆ ಯಾವ ನೌಕಾಪಡೆಯೂ ತಿರುಗಿ ನೋಡುವುದಿಲ್ಲ.

ಊರಿಗೆ ಸಲ್ಲುವ ಮಾತು ಮನೆಗೂ ಸಲ್ಲುತ್ತದೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಚಿನ್ನ ಬೆಳ್ಳಿಗಳನ್ನು ಪೆಟ್ಟಿಗೆಯಲ್ಲಿಟ್ಟೋ ನೆಲದಲ್ಲಿ ಹೂತೋ ಕಾಯಬೇಕಾಗಿತ್ತು. ಹೂತವನು ಗುಟ್ಟನ್ನು ಹೇಳದೆ ಸತ್ತರೆ ಸಂಪತ್ತು ಮಣ್ಣಿನಪಾಲು. ಹೇಳಿದರೆ ಬದುಕಿರುವಾಗಲೇ ಸಂಶಯದ ಪಾಲು. ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಗೊಂಡು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಅಂಗಳಕ್ಕೇ ಹೋಗಿ ಪುಡಿಗಾಸನ್ನು ಸಂಗ್ರಹಿಸಿತು. ಬ್ಯಾಂಕು ಬಂದ ಮೇಲೆ ಪೆಟ್ಟಿಗೆಯನ್ನು ಕಾಯುವ ಕೆಲಸ ತಪ್ಪಿತೆಂಬುದು ನಿಜ. ಆದರೆ ಪೆಟ್ಟಿಗೆಗೆ ಬೀಗ ಹಾಕಿದಂತೆ ಮನಸ್ಸಿನ ಚಿಂತೆಗೆ ಬೀಗ ಹಾಕಲಾಗದು. ಅಲ್ಪ ಹಣವುಳ್ಳವನು ಅದನ್ನು ಖರ್ಚು ಮಾಡುವ ಬಗೆಯನ್ನು ಯೋಚಿಸುತ್ತಾನೆ; ಅಧಿಕ ಹಣವುಳ್ಳವನು ಅದು ಕರಗದಂತೆ ಉಳಿಸುವ ಬಗೆಯನ್ನು ಯೋಚಿಸುತ್ತಾನೆ.

ಎರಡನೆಯ ಬೆಲೆ ಸ್ವಾತಂತ್ರ್ಯ. ಮರದ ಕಂಬಗಳು, ವಿಶಾಲವಾದ ಚಾವಡಿ, ಒಳ ಅಂಗಳ, ಅಕ್ಕಿಮುಡಿಗಳನ್ನು ಒಟ್ಟುವ ಕೋಣೆ ಇವುಗಳಿಂದ ಕೂಡಿದ ಕರಾವಳಿಯ ದೊಡ್ಡ ಮನೆಗಳು ನೋಡುವ ಕಣ್ಣಿಗೆ ಹಬ್ಬ. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಅಂಥ ಮನೆಯನ್ನು ನಿಲ್ಲಿಸಿಕೊಳ್ಳುವುದು ಸುಲಭದ ಮಾತಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಹಂಚು ಸರಿಪಡಿಸಬೇಕು, ಗೆದ್ದಲು ಹಿಡಿದ ತೊಲೆಯನ್ನು ಬದಲಿಸಬೇಕು. ಇದಕ್ಕಿಂತ ಭಾರವಾದುದು ಮನೆತನದ ಹೆಸರು. ಮನೆಯ ದೈವಕ್ಕೆ ಕೋಲ ನಡೆಯಬೇಕು, ನಾಗಬನದಲ್ಲಿ ಸೇವೆ ಸಲ್ಲಬೇಕು, ಮನೆತನಕ್ಕೆ ಸೇರಿದ ಕಂಬಳವಿದ್ದರೆ ಅದು ನಿಲ್ಲಬಾರದು, ಹರಕೆಯ ಬಯಲಾಟವಾಡಿಸಿದರೆ ಊರಿಗೆಲ್ಲ ಊಟ ಹಾಕಬೇಕು. ಇವೆಲ್ಲ ಊರನ್ನು ಒಂದಾಗಿ ಹಿಡಿದ ಒಳ್ಳೆಯ ಆಚಾರಗಳೇ ಸರಿ. ಆದರೆ ಬೆಳೆ ಕೈಕೊಟ್ಟ ವರ್ಷ ಬಡವನು ‘ಈ ಸಲ ಆಗಲಿಲ್ಲ’ ಎಂದು ಸರಳವಾಗಿ ಹೇಳಬಲ್ಲನು. ದೊಡ್ಡ ಮನೆಯ ಯಜಮಾನನಿಗೆ ಆ ಮಾತನ್ನಾಡುವ ಸ್ವಾತಂತ್ರ್ಯವಿಲ್ಲ. ಅವನು ಸಾಲ ಮಾಡಿಯಾದರೂ ಹಿಂದಿನವರು ನಡೆಸಿದ್ದನ್ನು ನಡೆಸುತ್ತಾನೆ. ಹೊರಗೆ ವಾದ್ಯಘೋಷ ಕೇಳಿಸುತ್ತಿರುವಾಗ ಒಳಗೆ ಅಡವಿನ ಪತ್ರಕ್ಕೆ ಸಹಿ ಬೀಳುತ್ತಿರುವುದು ಊರಿಗೆ ತಿಳಿಯುವುದಿಲ್ಲ.

ಮೂರನೆಯ ಬೆಲೆ ಬಂಧುತ್ವ. ಕರಾವಳಿಯ ಬಂಟರೇ ಮೊದಲಾದ ಹಲವು ಸಮುದಾಯಗಳಲ್ಲಿ ರೂಢಿಯಲ್ಲಿದ್ದ ಅಳಿಯಸಂತಾನದ ಕುಟುಂಬಗಳಲ್ಲಿ ಇದು ವಿಶೇಷವಾಗಿ ಕಾಣುತ್ತಿತ್ತು. ಅಲ್ಲಿ ಆಸ್ತಿಯು ತಾಯಿಯ ಸಂತತಿಯಲ್ಲಿ ಇಳಿದು ಬರುತ್ತಿತ್ತು. ಯಜಮಾನನು ಅದರ ಆಡಳಿತಗಾರನೇ ಹೊರತು ಒಡೆಯನಲ್ಲ. ನೂರಾರು ಮುಡಿ ಅಕ್ಕಿ ಅವನ ಕೈಯಿಂದ ಹಾದುಹೋದರೂ ಅದರಲ್ಲಿ ಅವನ ಸ್ವಂತ ಮಕ್ಕಳಿಗೆ ಹಕ್ಕಿರಲಿಲ್ಲ. ಅವರು ತಮ್ಮ ತಾಯಿಯ ಕುಟುಂಬಕ್ಕೆ ಸೇರಿದವರು. ತಂದೆಯ ಕರುಳು ಒಂದು ಕಡೆಗೆ, ಯಜಮಾನನ ಧರ್ಮ ಇನ್ನೊಂದು ಕಡೆಗೆ ಎಳೆಯುತ್ತಿದ್ದವು. ಮಗನಿಗೆಂದು ಒಂದು ಪಂಚೆಯನ್ನು ಕೊಂಡೊಯ್ದರೂ, ಕುಟುಂಬದ ಹಣ ಹೆಂಡತಿಯ ಮನೆ ಸೇರಿತೆಂಬ ಪಿಸುಮಾತು ಏಳುವ ಸಂಭವವಿತ್ತು. ಕುಟುಂಬದ ಆಸ್ತಿಯನ್ನು ಒಬ್ಬನ ಇಚ್ಛೆಯಂತೆ ಪಾಲು ಮಾಡುವಂತಿರಲಿಲ್ಲವಾದ್ದರಿಂದ ಮನಸ್ಸು ಮುರಿದವರೂ ಒಂದೇ ಮಾಡಿನ ಕೆಳಗೆ ಬಾಳಬೇಕಾಗಿತ್ತು. 1949ರ ಅಳಿಯಸಂತಾನ ಕಾಯಿದೆಯು ಪಾಲಿನ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವ್ಯವಸ್ಥೆಯನ್ನು ಮತ್ತಷ್ಟು ಬದಲಿಸಿತು. ಆದರೆ ಮಕ್ಕಳಿಗೇ ಆಸ್ತಿ ಇಳಿಯುವ ಮನೆಗಳಲ್ಲಿ ಜಗಳವಿಲ್ಲವೆಂದೇನೂ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲಲ್ಲಿ ಮುಖ ತಿರುಗಿಸಿಕೊಂಡು ನಿಲ್ಲುವುದು ಎಲ್ಲ ಪದ್ಧತಿಗಳಲ್ಲಿಯೂ ಉಂಟು. ಹಂಚಿಕೊಳ್ಳಲು ಏನೂ ಇಲ್ಲದ ಮನೆಯಲ್ಲಿ ಪ್ರೀತಿಯಾದರೂ ಇಡಿಯಾಗಿ ಉಳಿಯುವ ಅವಕಾಶವಿರುತ್ತದೆ.

ನಾಲ್ಕನೆಯ ಬೆಲೆ ಕೈಯ ಕಸುಬು. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಭೂಮಿಯ ಒಡೆತನ ಒಬ್ಬರದು, ಉಳುಮೆ ಇನ್ನೊಬ್ಬರದು ಎಂಬುದು ಸಾಮಾನ್ಯವಾಗಿತ್ತು. ಮೂಲಗೇಣಿಯ ಒಕ್ಕಲಿಗೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯ ಒಕ್ಕಲು ಒಡೆಯನ ಇಷ್ಟವಿದ್ದಷ್ಟು ಕಾಲ ಮಾತ್ರ ಉಳಬಹುದಾಗಿತ್ತು. ಕೆಸರಿನಲ್ಲಿ ನಿಂತು ನೇಜಿ ನೆಟ್ಟವನು ತನ್ನ ಬೆವರಿನ ಫಲದಲ್ಲಿ ದೊಡ್ಡ ಪಾಲನ್ನು ಗೇಣಿಯಾಗಿ ಅಳೆದುಕೊಟ್ಟು ಅರೆಹೊಟ್ಟೆಯಲ್ಲಿ ಮಲಗಬೇಕಾಗುತ್ತಿತ್ತು. ಇದು ಒಕ್ಕಲಿಗೆ ಆದ ಅನ್ಯಾಯ. ಒಡೆಯನಿಗೂ ಇದರಿಂದ ಒಂದು ಹಾನಿಯಾಯಿತು. ಅದು ಅವನಿಗೆ ಬಹುಕಾಲ ತಿಳಿಯಲಿಲ್ಲ. ಗೇಣಿಯ ಅಕ್ಕಿ ಕುಳಿತಲ್ಲಿಗೇ ಬರುತ್ತಿದ್ದುದರಿಂದ ಹಲವು ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದುಡಿಮೆಯ ಅರಿವೇ ಮರೆತುಹೋಯಿತು. ತನ್ನ ಗದ್ದೆಯ ಗಡಿಯನ್ನು ಒಕ್ಕಲಿನಿಂದ ಕೇಳಿ ತಿಳಿಯಬೇಕಾದ ಒಡೆಯರೂ ಇದ್ದರು. ದೇವರಾಜ ಅರಸರ ಆಡಳಿತದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿ ಸರಕಾರದಲ್ಲಿ ನಿಹಿತವಾಗಿ, ಉಳುವವರಿಗೆ ಅಧಿವಾಸದ ಹಕ್ಕು ದೊರೆಯಿತು. ಒಕ್ಕಲು ಮೊದಲ ಬಾರಿಗೆ ತನ್ನ ಗದ್ದೆಯೆಂದು ಹೇಳಿಕೊಂಡು ತಲೆಯೆತ್ತಿ ನಿಂತನು. ಸ್ವತಃ ಬೇಸಾಯ ಮಾಡುತ್ತಿದ್ದ ಒಡೆಯರು ಹೇಗೋ ಸುಧಾರಿಸಿಕೊಂಡರು. ಗೇಣಿಯನ್ನೇ ನಂಬಿ ಕುಳಿತವರಿಗೆ ಚಾವಡಿ ಉಳಿಯಿತು, ಕಣಜ ಬರಿದಾಯಿತು. ಭೂಮಿ ಹೋದದ್ದಕ್ಕಿಂತ, ಅದಿಲ್ಲದೆ ಬದುಕುವ ಕಲೆ ಕೈಯಲ್ಲಿಲ್ಲದ್ದೇ ಅವರ ನಿಜವಾದ ಬಡತನ.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1941ರಲ್ಲಿ ಪ್ರಕಟಿಸಿದ ‘ಮರಳಿ ಮಣ್ಣಿಗೆ’ ಕಾದಂಬರಿಯ ವಸ್ತುವಿನಲ್ಲಿಯೂ ಈ ಎಚ್ಚರಿಕೆಯಿದೆ. ಅಲ್ಲಿ ಒಂದು ತಲೆಮಾರು ಕೂಡಿಟ್ಟದ್ದನ್ನು ಮುಂದಿನ ತಲೆಮಾರು ದುರ್ವ್ಯಸನಗಳಲ್ಲಿ ಕಳೆಯುತ್ತದೆ. ಮೂರನೆಯ ತಲೆಮಾರಿನ ರಾಮನು ಊರಿಗೆ ಹಿಂದಿರುಗಿ ಮಣ್ಣನ್ನೇ ನಂಬುತ್ತಾನೆ. ತಂದೆಯು ಮಗನಿಗೆ ಹಣವನ್ನು ಬಿಟ್ಟುಹೋಗಬಲ್ಲನು. ಅದನ್ನು ಗಳಿಸುವಾಗ ತಾನು ಕಲಿತ ಸಂಯಮವನ್ನು ಬಿಟ್ಟುಹೋಗಲಾರನು.

ಇನ್ನು ಏಕಾಂತದ ಹೊರೆ. ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಹುಡುಗರು ಬೆಂಗಳೂರು, ಮುಂಬಯಿ, ಮದರಾಸುಗಳಿಗೆ ಹೋಗಿ ಹೋಟೆಲುಗಳಲ್ಲಿ ದುಡಿದು, ಮುಂದೆ ತಾವೇ ಹೋಟೆಲುಗಳನ್ನು ಕಟ್ಟಿದರು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವು ಎಂ.ಟಿ.ಆರ್. ಎಂಬ ಹೆಸರಿನಿಂದ ದೇಶವಿಖ್ಯಾತವಾಯಿತು. ಇಂಥ ಪರಿಶ್ರಮ ಮೆಚ್ಚತಕ್ಕದ್ದೇ. ಆದರೆ ಹೊರನಾಡಿನಲ್ಲಿ ಗಳಿಸಿದವರು ಊರಿನಲ್ಲಿ ಕಟ್ಟಿಸಿದ ಹಲವು ಭವ್ಯ ಮನೆಗಳು ವರ್ಷದ ಬಹುಭಾಗ ಬಾಗಿಲು ಮುಚ್ಚಿಕೊಂಡಿರುತ್ತವೆ. ಒಳಗೆ ವೃದ್ಧರಾದ ತಾಯ್ತಂದೆಗಳಿದ್ದರೆ ಅವರಿಗೆ ಔಷಧಿಗೂ ಊಟಕ್ಕೂ ಕೊರತೆಯಿಲ್ಲ. ಮಾತಿಗೆ ಮಾತ್ರ ಕೊರತೆ. ಮಗನು ಕಳುಹಿಸುವ ಹಣ ತಿಂಗಳು ತಪ್ಪದೆ ಬರುತ್ತದೆ, ಮಗ ಬರುವುದು ಹಬ್ಬಕ್ಕೋ ಕೋಲಕ್ಕೋ ಒಮ್ಮೆ. ದೇವಪಾಂಡ್ಯನ ಮನೆಯೂ ಹೀಗೆಯೇ ಬರಿದಾಯಿತಲ್ಲವೆ?

ಧನಿಕನಿಗೆ ಗೆಳೆಯರ ಬರವೂ ಉಂಟು. ಮನೆಗೆ ಬರುವವರ ಸಂಖ್ಯೆ ಹೆಚ್ಚಿದಂತೆ, ಬಂದವನು ತನಗಾಗಿ ಬಂದನೋ ತನ್ನ ಹಣಕ್ಕಾಗಿ ಬಂದನೋ ಎಂಬ ಸಂಶಯವೂ ಹೆಚ್ಚುತ್ತದೆ. ಆ ಸಂಶಯ ಬೇರೂರಿದ ಮೇಲೆ ನಿಜವಾದ ಗೆಳೆಯನೂ ಸಾಲ ಕೇಳಲು ಬಂದವನಂತೆಯೇ ಕಾಣುತ್ತಾನೆ. ಬಡವನ ಜಗುಲಿಯಲ್ಲಿ ಕುಳಿತು ಹರಟುವವನು ಏಕೆ ಬಂದನೆಂದು ಯಾರೂ ಕೇಳಬೇಕಾಗಿಲ್ಲ. ಅಲ್ಲಿ ಸ್ನೇಹವಲ್ಲದೆ ಸಿಗುವುದು ಬೇರೇನೂ ಇಲ್ಲ.

ಹಾಗಾದರೆ ಸಂಪತ್ತನ್ನು ತೊರೆಯಬೇಕೆ? ಎಲ್ಲರೂ ತೊರೆದರೆ ಶಾಲೆ, ಆಸ್ಪತ್ರೆ, ಕೆರೆ, ಸೇತುವೆಗಳು ಹೇಗೆ ಏಳಬೇಕು? ಹಣವುಳ್ಳವನು ತನ್ನನ್ನು ಒಡೆಯನೆಂದು ತಿಳಿಯದೆ ಸಮಾಜದ ಪರವಾಗಿ ಅದನ್ನು ನೋಡಿಕೊಳ್ಳುವ ಧರ್ಮದರ್ಶಿಯೆಂದು ತಿಳಿಯಬೇಕೆಂಬುದು ಮಹಾತ್ಮಾ ಗಾಂಧಿಯವರ ವಿಚಾರ. ಮಂಗಳೂರಿನ ಕಾರ್ನಾಡ ಸದಾಶಿವರಾಯರು ಇದಕ್ಕಿಂತಲೂ ಮುಂದೆ ಹೋದರು. ಶ್ರೀಮಂತ ಮನೆತನದಲ್ಲಿ ಹುಟ್ಟಿದ ಆ ವಕೀಲರು ರಾಷ್ಟ್ರದ ಕಾರ್ಯಕ್ಕಾಗಿ ತಮ್ಮದೆಲ್ಲವನ್ನೂ ವೆಚ್ಚಮಾಡಿ, 1937ರಲ್ಲಿ ನಿರ್ಧನರಾಗಿ ತೀರಿಕೊಂಡರು. ಅಂಥ ಸಂಪೂರ್ಣ ತ್ಯಾಗ ಎಲ್ಲರಿಗೂ ಸಾಧ್ಯವಾಗದು. ಆದರೆ ಸಾಧ್ಯವಾದಷ್ಟನ್ನು ಕೊಟ್ಟವರ ನಿದರ್ಶನಗಳೂ ಹತ್ತಿರದಲ್ಲೇ ಉಂಟು. ಕುಂದಾಪುರದಲ್ಲಿ 1963ರಲ್ಲಿ ಸ್ಥಾಪನೆಯಾದ ಭಂಡಾರ್ಕರ್ಸ್ ಕಾಲೇಜು ಒಬ್ಬ ದಾನಿಯ ಹೆಸರನ್ನು ಹೊತ್ತು ನಿಂತಿದೆ. ಅಲ್ಲಿ ಓದಿ ಹೊರಬಂದ ರೈತರ, ಮೀನುಗಾರರ, ಅಂಗಡಿಕಾರರ ಮಕ್ಕಳು ಪಡೆದ ವಿದ್ಯೆಯನ್ನು ಯಾವ ಕಳ್ಳನೂ ಕದಿಯಲಾರನು, ಯಾವ ದಾಯಾದಿಯೂ ಪಾಲು ಕೇಳಲಾರನು.

ಸಹ್ಯಾದ್ರಿಯಿಂದ ಇಳಿದು ಬರುವ ವಾರಾಹಿ, ಸೀತಾ ನದಿಗಳು ನೀರನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳುವುದಿಲ್ಲ. ದಾರಿಯುದ್ದಕ್ಕೂ ಗದ್ದೆ ತೋಟಗಳನ್ನು ತಣಿಸಿ ಸಮುದ್ರವನ್ನು ಸೇರುತ್ತವೆ. ಮರುವರ್ಷ ಮತ್ತೆ ತುಂಬುತ್ತವೆ. ನಿಂತ ನೀರು ಪಾಚಿಗಟ್ಟುತ್ತದೆ. ಕಟ್ಟೆಯೊಡೆದರೆ ಊರನ್ನೇ ಮುಳುಗಿಸುತ್ತದೆ. ಸಿರಿಯ ಗುಣವೂ ಇದೇ. ದುಡಿದು ಗಳಿಸುವುದರಲ್ಲಿ ದೋಷವಿಲ್ಲ. ಆದರೆ ಹಡಗನ್ನು ತುಂಬುವ ಮೊದಲು, ಅದು ಕದಲುವುದಕ್ಕಾಗಿ ಯಾರನ್ನು ಕಳೆದುಕೊಳ್ಳಬೇಕಾದೀತೆಂದು ಒಮ್ಮೆ ಯೋಚಿಸುವವನೇ ನಿಜವಾದ ಶ್ರೀಮಂತನು.