ಅಂಕಿಗಳನ್ನು ಓದಬಲ್ಲವರು ಬೇಕಾಗಿದ್ದಾರೆ

ಬಳ್ಳಾರಿಯ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯನ್ನು ನಾವು ನೆನೆಯುವುದು ಹೆಚ್ಚಾಗಿ ಒಂದು ರಾಜಕೀಯ ಘಟನೆಯಾಗಿ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಎರಡನೆಯ ವರದಿ ಸಲ್ಲಿಸಿದ ನಾಲ್ಕೇ ದಿನಗಳಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಆ ಗದ್ದಲದಲ್ಲಿ, ವರದಿ ಸಿದ್ಧವಾದ ಬಗೆ ಮರೆಗೆ ಸರಿಯಿತು. ಅದರ ಹಿಂದೆ ಇದ್ದದ್ದು ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡದ ತಾಳ್ಮೆಯ ಲೆಕ್ಕ. ಗಣಿ ಇಲಾಖೆ ಕೊಟ್ಟ ಸಾಗಣೆ ಪರವಾನಗಿಗಳು, ರೈಲ್ವೆಯ ದಾಖಲೆಗಳು, ಬಂದರುಗಳಿಂದ ಹೊರಟ ಅದಿರಿನ ಲೆಕ್ಕ ಇವೆಲ್ಲ ಯಾವುದೋ ಒಂದು ಕಚೇರಿಯ ಕಪಾಟಿನಲ್ಲಿ ಮೊದಲೇ ಇದ್ದವು. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿದವರು ಮಾತ್ರ ಇರಲಿಲ್ಲ. ಹಾಗೆ ಇಟ್ಟು ನೋಡಿದಾಗ, ಪರವಾನಗಿ ಪಡೆದುದಕ್ಕಿಂತ ಎಷ್ಟೋ ಹೆಚ್ಚು ಅದಿರು ಸಮುದ್ರ ದಾಟಿರುವುದು ಗೋಚರಿಸಿತು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ವರದಿ ಅಂದಾಜಿಸಿತು.

ಸಂಡೂರಿನ ಬೆಟ್ಟಗಳಲ್ಲಿ ಗಣಿ ಗುತ್ತಿಗೆಯ ಗಡಿ ಎಲ್ಲಿ ಮುಗಿಯುತ್ತದೆ, ಅರಣ್ಯ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯೂ ಬಗೆಹರಿದದ್ದು ಹೀಗೆಯೇ. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2011ರಲ್ಲಿ ನೇಮಕವಾದ ಜಂಟಿ ತಂಡ ಗುತ್ತಿಗೆ ಪ್ರದೇಶಗಳನ್ನು ಒಂದೊಂದಾಗಿ ಅಳೆಯಿತು. ಗುಂಡಿ ಎಷ್ಟು ದೂರ ಹಬ್ಬಿದೆ, ತ್ಯಾಜ್ಯದ ಮಣ್ಣನ್ನು ಎಷ್ಟು ದೂರ ಸುರಿಯಲಾಗಿದೆ ಎಂಬುದನ್ನು ಆಧರಿಸಿ ಗಣಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪು ಈ ವರ್ಗೀಕರಣವನ್ನು ಎತ್ತಿಹಿಡಿದು, ಸಿ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಅಳತೆಯ ನಕ್ಷೆ ಇಲ್ಲದಿದ್ದರೆ ಅಲ್ಲಿ ವಾದವಷ್ಟೇ ಉಳಿಯುತ್ತಿತ್ತು.

ಸರ್ಕಾರ ತನ್ನಲ್ಲಿರುವ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಹೇಳುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆಗೆಂದೇ ರಾಷ್ಟ್ರೀಯ ನೀತಿಯೊಂದನ್ನು ಹೊರಡಿಸಿತು. ನಿಯಮಗಳಿಗೆ ಕೊರತೆಯಿಲ್ಲ. ಆದರೆ ಸಾವಿರ ಪುಟಗಳ ಕಡತವನ್ನು ಓರೆಯಾಗಿ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುವ ಕಚೇರಿಗಳೂ ನಮ್ಮಲ್ಲಿ ಕಡಿಮೆಯಿಲ್ಲ! ಅದು ಬಹಿರಂಗವೇನೋ ಹೌದು, ಓದುವವರಾರು?

ಓದುವುದು ಸುಲಭವೂ ಅಲ್ಲ. ಹೊಸಪೇಟೆಯ ಪಕ್ಕದ ತುಂಗಭದ್ರಾ ಜಲಾಶಯದ ಉದಾಹರಣೆಯನ್ನೇ ನೋಡಬಹುದು. ಕಟ್ಟಿದಾಗ 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳಿನಿಂದಾಗಿ 2008ರ ಸಮೀಕ್ಷೆಯಲ್ಲಿ 100.855ಕ್ಕೆ ಇಳಿದಿತ್ತು. 2016ರ ಸಮೀಕ್ಷೆ ಅದನ್ನು 105.788 ಎಂದಿತು. ಒಂದು ಬುಟ್ಟಿ ಹೂಳನ್ನೂ ಎತ್ತದೆ ಜಲಾಶಯ ಐದು ಟಿಎಂಸಿ ಹಿಗ್ಗಿತೇ? ಹಿಗ್ಗಿದ್ದು ಜಲಾಶಯವಲ್ಲ, ಬದಲಾದದ್ದು ಅಳತೆ. ಇದನ್ನು ರೈತರಿಗೆ ಬಿಡಿಸಿ ಹೇಳಲು ಜಲವಿಜ್ಞಾನ ಬಲ್ಲವರೇ ಬೇಕು. ಕಾಲುವೆಗೆ ನೀರು ಎಂದು ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ ಎಂಬುದು ಈ ಅಂಕಿಗಳ ಮೇಲೆಯೇ ನಿಂತಿದೆ. ಹೊರಹರಿವು ಲಕ್ಷ ಕ್ಯುಸೆಕ್ ದಾಟಿ ಏರತೊಡಗಿದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಸಂಚಾರಕ್ಕೆ ಸಂಚಕಾರ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನದೀಪಾತ್ರದ ಊರುಗಳು ಕಾದದ್ದು ಇಂಥದೇ ಅಂಕಿಗಳಿಗಾಗಿ. ಮುರಿದ ಗೇಟಿನ ಜಾಗದಲ್ಲಿ ತುಂಬಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಲು ನೆರವಾದದ್ದು ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಅನುಭವ. ಗೇಟಿಗೆ ತಜ್ಞರನ್ನು ಕರೆಸಿದ ನಾವು, ಗೇಟಿನ ದಾಖಲೆಗಳನ್ನು ವರ್ಷ ವರ್ಷವೂ ಜನರ ಪರವಾಗಿ ಓದಲು ಯಾರನ್ನೂ ಕರೆಯಲಿಲ್ಲ.

ಈಗ ಅದಕ್ಕಿಂತ ದೊಡ್ಡ ಲೆಕ್ಕ ಮುಂದಿದೆ. ಗಣಿಬಾಧಿತ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯಿದೆ. ಅದರ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಇದಲ್ಲದೆ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಸಭೆಯ ನಡವಳಿ, ವಾರ್ಷಿಕ ಯೋಜನೆ, ಕಾಮಗಾರಿಯ ಸ್ಥಿತಿ, ಫಲಾನುಭವಿಗಳ ಪಟ್ಟಿ ಇವನ್ನೆಲ್ಲ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಅವುಗಳಿಗೆ ಸಂಬಂಧಿಸಿದ 2015ರ ಕೇಂದ್ರ ಮಾರ್ಗಸೂಚಿ ವಿಧಿಸಿತ್ತು. ಕೆಂಪು ಧೂಳು ಉಸಿರಾಡಿದ ಸಂಡೂರಿನ ಹಳ್ಳಿಗೆ ಈ ಪಟ್ಟಿ ತಲುಪಿದರೆ ಸಾಲದು. ತನ್ನೂರಿನ ಆಸ್ಪತ್ರೆಯ ಹಣ ಇನ್ನೆಲ್ಲಿಯ ರಸ್ತೆಗೆ ಹೋಯಿತೆಂದು ಅದರಿಂದ ಹೆಕ್ಕಿ ತೆಗೆಯಲು ಜೊತೆಗೊಬ್ಬರು ಕುಳಿತುಕೊಳ್ಳಬೇಕು.

ಅಂಥವರನ್ನು ಬೆಂಗಳೂರಿನಿಂದಲೇ ತರಬೇಕಾಗಿಲ್ಲ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಅಂಕಿಗಳ ಭಾಷೆಯನ್ನು ಜನರ ಕನ್ನಡಕ್ಕೆ ತರುವುದು ಅದಕ್ಕೆ ಒಪ್ಪುವ ಕೆಲಸ. ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಸಂಡೂರು ಬಳಿಯ ನಂದಿಹಳ್ಳಿಯಲ್ಲೇ ಇದೆ. ಇವುಗಳ ಅಧ್ಯಾಪಕರು, ನಿವೃತ್ತ ಎಂಜಿನಿಯರುಗಳು, ಲೆಕ್ಕಪರಿಶೋಧಕರನ್ನು ಒಳಗೊಂಡ ಸಲಹಾ ತಂಡವೊಂದನ್ನು ಪ್ರತಿ ತಾಲ್ಲೂಕಿಗೂ ನೇಮಿಸಿ, ಯೋಜನೆಯ ಅಲ್ಪ ಭಾಗವನ್ನು ಅದಕ್ಕೆ ಮೀಸಲಿಡುವುದು ಕಷ್ಟವಲ್ಲ. ತಂಡ ಇಲಾಖೆಗೆ ಅಧೀನವಾಗಿರಬಾರದು, ಗಣಿ ಕಂಪನಿಗಳ ಸಂಭಾವನೆ ಪಡೆದವರು ಅದರಲ್ಲಿ ಇರಬಾರದು. ಮುಂದಿನ ವಾರ್ಷಿಕ ಯೋಜನೆ ಗ್ರಾಮಸಭೆಗಳ ಮುಂದೆ ಬರುವ ಹೊತ್ತಿಗೆ ಸಂಡೂರು ತಾಲ್ಲೂಕಿನಲ್ಲಾದರೂ ಇದನ್ನು ಆರಂಭಿಸಬಹುದು.