ಮಾವಿನ ಕೊಯ್ಲೋತ್ತರ ರೋಗಗಳ ಹತೋಟಿಯಲ್ಲಿ ವಿಕಿರಣ ಸಂಸ್ಕರಣೆಯ ಪಾತ್ರ

ಮಾವು ತೋಟದಿಂದ ಹೊರಡುವಾಗ ಕಲೆಯಿಲ್ಲದೆ ಕಂಡರೂ ಮಾರುಕಟ್ಟೆ ತಲುಪುವಷ್ಟರಲ್ಲಿ ಕಪ್ಪು ಚುಕ್ಕೆಗಳಿಂದ ಕೊಳೆಯುವುದುಂಟು. ಚಿಬ್ಬು ರೋಗದ ಶಿಲೀಂಧ್ರವು ಹೂ ಮತ್ತು ಎಳೆಗಾಯಿಯ ಹಂತದಲ್ಲಿಯೇ ಸಿಪ್ಪೆಯನ್ನು ಸೇರಿ ಸುಪ್ತವಾಗಿದ್ದು, ಹಣ್ಣು ಮಾಗುವಾಗ ಚುರುಕಾಗುವುದೇ ಇದಕ್ಕೆ ಕಾರಣ. ತೊಟ್ಟು ಕೊಳೆ ರೋಗವು ತೊಟ್ಟಿನ ಭಾಗದಿಂದ ಆರಂಭವಾಗಿ ಇಡೀ ಹಣ್ಣನ್ನು ಆವರಿಸುತ್ತದೆ.

ವಿಕಿರಣ ಸಂಸ್ಕರಣೆ ಎಂದರೇನು?

ಕೋಬಾಲ್ಟ್-60 ಮೂಲದಿಂದ ಹೊಮ್ಮುವ ಗಾಮಾ ಕಿರಣಗಳಿಗೆ ಪೆಟ್ಟಿಗೆಯಲ್ಲಿ ತುಂಬಿದ ಹಣ್ಣನ್ನು ನಿಗದಿತ ಪ್ರಮಾಣದಲ್ಲಿ ಒಡ್ಡುವುದೇ ಈ ವಿಧಾನ. ಇದರಿಂದ ಹಣ್ಣು ವಿಕಿರಣಶೀಲವಾಗುವುದಿಲ್ಲ. ಯಾವುದೇ ರಾಸಾಯನಿಕ ಶೇಷವೂ ಉಳಿಯುವುದಿಲ್ಲ. ಮಹಾರಾಷ್ಟ್ರದ ಲಾಸಲಗಾಂವ್ ಹಾಗೂ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಇಂತಹ ಘಟಕಗಳಿವೆ. 2007ರಲ್ಲಿ ಅಮೆರಿಕವು ಭಾರತದ ಮಾವಿಗೆ ಮಾರುಕಟ್ಟೆ ತೆರೆದದ್ದು ಕನಿಷ್ಠ 400 ಗ್ರೇ ಪ್ರಮಾಣದ ಸಂಸ್ಕರಣೆಯ ಷರತ್ತಿನ ಮೇಲೆ.

ಗಮನಿಸಬೇಕಾದ ಅಂಶ

400 ಗ್ರೇ ಪ್ರಮಾಣವನ್ನು ನಿಗದಿಪಡಿಸಿರುವುದು ಹಣ್ಣಿನ ನೊಣ ಮತ್ತು ಓಟೆ ಕೊರೆಯುವ ಹುಳುವಿನಂತಹ ಕೀಟಗಳಿಗಾಗಿ. ಈ ಪ್ರಮಾಣದಲ್ಲಿ ಕೀಟಗಳ ಸಂತಾನಾಭಿವೃದ್ಧಿ ನಿಲ್ಲುತ್ತದೆ; ಆದರೆ ಶಿಲೀಂಧ್ರ ಸಾಯುವುದಿಲ್ಲ. ಶಿಲೀಂಧ್ರ ನಾಶಕ್ಕೆ ಸಾಮಾನ್ಯವಾಗಿ 1,500 ಗ್ರೇಗೂ ಹೆಚ್ಚಿನ ಪ್ರಮಾಣ ಅಗತ್ಯ. ಮಾವು 1,000 ಗ್ರೇ ಮೀರಿದರೆ ಸಿಪ್ಪೆ ಕಂದಾಗಿ, ತಿರುಳು ಮೆತ್ತಗಾಗುವ ಸಂಭವವಿದೆ. ಆದ್ದರಿಂದ ರೋಗಪೀಡಿತ ತೋಟದ ಹಣ್ಣಿಗೆ ವಿಕಿರಣ ಸಂಸ್ಕರಣೆ ಮಾತ್ರ ಮಾಡಿಸಿದರೆ, ಸಂಸ್ಕರಣೆಯ ವೆಚ್ಚವೂ ಹಣ್ಣೂ ಎರಡೂ ನಷ್ಟವಾಗಬಹುದು.

ಬಿಸಿನೀರಿನ ಉಪಚಾರದೊಂದಿಗೆ ಸಂಯೋಜನೆ

ಬಿಸಿನೀರು ಸಿಪ್ಪೆಯಲ್ಲಿ ಅಡಗಿರುವ ಶಿಲೀಂಧ್ರವನ್ನು ದುರ್ಬಲಗೊಳಿಸುತ್ತದೆ. ನಂತರದ ಕಡಿಮೆ ಪ್ರಮಾಣದ ವಿಕಿರಣವು ಕೀಟಗಳನ್ನು ನಿಯಂತ್ರಿಸಿ, ಮಾಗುವಿಕೆಯನ್ನೂ ನಿಧಾನಗೊಳಿಸುತ್ತದೆ. ಸಂಸ್ಕರಣೆಯ ನಂತರ ಪೆಟ್ಟಿಗೆಯನ್ನು ಮತ್ತೆ ತೆರೆಯುವಂತಿಲ್ಲವಾದ್ದರಿಂದ ರೋಗ ಹತೋಟಿಯ ಕ್ರಮಗಳೆಲ್ಲವೂ ಪ್ಯಾಕಿಂಗ್‌ಗೆ ಮುಂಚೆಯೇ ಮುಗಿದಿರಬೇಕು.

ಅನುಸರಿಸಬೇಕಾದ ಕ್ರಮಗಳು

1. ಒಣಗಿದ ರೆಂಬೆ, ಉದುರಿದ ರೋಗಪೀಡಿತ ಎಲೆ ಹಾಗೂ ಕಾಯಿಗಳನ್ನು ತೆಗೆದು ನಾಶಪಡಿಸಬೇಕು.

2. ಹೂ ಬಿಡುವ ಹಂತದಿಂದ ಶಿಫಾರಸು ಮಾಡಿದ ಶಿಲೀಂಧ್ರನಾಶಕವನ್ನು ಮಾತ್ರ ಸಿಂಪಡಿಸಿ, ಕೊಯ್ಲಿಗೆ ಮುನ್ನ ಕಾಯಬೇಕಾದ ಅವಧಿಯನ್ನು ತಪ್ಪದೆ ಪಾಲಿಸಬೇಕು.

3. ಬಲಿತ ಕಾಯಿಗಳನ್ನು ಸುಮಾರು 1 ಸೆಂ.ಮೀ. ತೊಟ್ಟಿನೊಂದಿಗೆ ಕೊಯ್ದು, ನೆಲಕ್ಕೆ ತಾಗದಂತೆ ಸೊನೆ ಇಳಿಸಬೇಕು.

4. ಕೊಯ್ದ 24 ಗಂಟೆಯೊಳಗೆ 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 5ರಿಂದ 10 ನಿಮಿಷ ಅದ್ದಬೇಕು. ಉಷ್ಣಾಂಶವನ್ನು ಥರ್ಮಾಮೀಟರಿನಿಂದಲೇ ಅಳೆಯಬೇಕು. ಹೆಚ್ಚಾದರೆ ಸಿಪ್ಪೆ ಸುಡುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ.

5. ತಣಿಸಿ, ನೆರಳಿನಲ್ಲಿ ಒಣಗಿಸಿ, ಗಾಯಗೊಂಡ ಹಣ್ಣುಗಳನ್ನು ಬೇರ್ಪಡಿಸಿ ಕೀಟ ನುಸುಳದ ಪೆಟ್ಟಿಗೆಗಳಲ್ಲಿ ತುಂಬಬೇಕು.

6. ಸಂಸ್ಕರಣೆಯ ನಂತರ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಖರಿಸಬೇಕು. ಇದಕ್ಕಿಂತ ತೀರ ಕಡಿಮೆ ಉಷ್ಣಾಂಶದಲ್ಲಿ ಹಣ್ಣಿಗೆ ಶೀತಬಾಧೆ ತಗಲುತ್ತದೆ.

ಯಾರಿಗೆ ಲಾಭದಾಯಕ?

ಸ್ಥಳೀಯ ಮಾರುಕಟ್ಟೆಗೆ ಮಾರುವ ರೈತರಿಗೆ ತೋಟದ ನೈರ್ಮಲ್ಯ ಮತ್ತು ಬಿಸಿನೀರಿನ ಉಪಚಾರವೇ ಸಾಕು. ವಿಕಿರಣವನ್ನು ಕಡ್ಡಾಯಗೊಳಿಸಿರುವ ದೇಶಗಳಿಗೆ ರಫ್ತು ಮಾಡುವವರು ಮಾತ್ರ ಇದಕ್ಕೆ ವೆಚ್ಚ ಮಾಡುವುದು ಸೂಕ್ತ. ಬಿಸಿನೀರಿನ ತೊಟ್ಟಿಯ ವೆಚ್ಚ ಒಬ್ಬರಿಗೆ ಹೊರೆಯಾದಲ್ಲಿ ರೈತ ಉತ್ಪಾದಕ ಸಂಸ್ಥೆಯ ಮೂಲಕ ಸಾಮೂಹಿಕವಾಗಿ ಸ್ಥಾಪಿಸಿಕೊಳ್ಳಬಹುದು. ರಫ್ತಿಗೆ ಮುನ್ನ ಆಯಾ ದೇಶದ ಪ್ರಸಕ್ತ ನಿಯಮಗಳನ್ನು ತೋಟಗಾರಿಕೆ ಇಲಾಖೆ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯುವುದು ಒಳಿತು.